ವಿಪಕ್ಷದ ಕುರ್ಚಿ, ಎರಡು ಪಕ್ಷದ ಶಾಸಕ: ಬಂಗಾಳದ ಪಿಎಸಿ ಪ್ರಕರಣ

2021ರ ಜುಲೈ 9, ಶುಕ್ರವಾರ. ಕೋಲ್ಕತ್ತದ ವಿಧಾನಸಭೆಯಲ್ಲಿ ಸ್ಪೀಕರ್ ಬಿಮನ್ ಬ್ಯಾನರ್ಜಿ ಸದನ ಸಮಿತಿಗಳ ಅಧ್ಯಕ್ಷರ ಹೆಸರು ಪ್ರಕಟಿಸಿದರು. ಇಂಥ ಪಟ್ಟಿಗಳಿಗೆ ಯಾವ ಊರಿನಲ್ಲೂ ಯಾರೂ ಕಿವಿಗೊಡುವುದಿಲ್ಲ. ಅವತ್ತು ಮಾತ್ರ ಎಲ್ಲರೂ ಒಂದೇ ಒಂದು ಹೆಸರಿಗೆ ಕಾಯುತ್ತಿದ್ದರು. ಸರ್ಕಾರದ ಖರ್ಚಿನ ಲೆಕ್ಕ ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಅಂದರೆ ಪಿಎಸಿ, ಅದರ ಅಧ್ಯಕ್ಷರು ಮುಕುಲ್ ರಾಯ್ ಎಂದು ಗೊತ್ತಾದದ್ದೇ ಬಿಜೆಪಿ ಶಾಸಕರು ಎದ್ದು ಹೊರನಡೆದರು.

ಸದನದ ಪುಸ್ತಕ ತೆಗೆದು ನೋಡಿದರೆ ಮುಕುಲ್ ರಾಯ್ ಬಿಜೆಪಿ ಶಾಸಕ. ತನ್ನದೇ ಶಾಸಕನಿಗೆ ದೊಡ್ಡ ಹುದ್ದೆ ಸಿಕ್ಕಿತು ಅಂತ ಪಕ್ಷವೊಂದು ಸಭಾತ್ಯಾಗ ಮಾಡಿತು! ಕೇಳೋಕೆ ತಮಾಷೆಯಾಗಿದೆ ಅಲ್ವಾ? ಆದರೆ ಹಿಂದಿನ ಒಂದು ತಿಂಗಳ ಕಥೆ ಗೊತ್ತಿದ್ದವರಿಗೆ ಇದರಲ್ಲಿ ತಮಾಷೆ ಏನೂ ಕಾಣಲಿಲ್ಲ.

ಈ ಪ್ರಕರಣವನ್ನು ಬಿಡಿಸಿ ನೋಡಬೇಕು ಅನಿಸಿದ್ದಕ್ಕೆ ಕಾರಣವಿದೆ. ಪಿಎಸಿ ಅಧ್ಯಕ್ಷಗಿರಿ ವಿಪಕ್ಷಕ್ಕೆ ಸಲ್ಲಬೇಕು ಎಂಬ ಸಂಪ್ರದಾಯವನ್ನು ಇಲ್ಲಿ ಯಾರೂ ಬಹಿರಂಗವಾಗಿ ಮುರಿಯಲಿಲ್ಲ. ‘ಪಾಲಿಸಿದ್ದೇವೆ’ ಎಂದೇ ಹೇಳಿದರು. ಪಾಲಿಸುತ್ತಲೇ ಅದರ ಒಳಗಿನ ತಿರುಳನ್ನು ತೆಗೆದುಬಿಟ್ಟರು.

ಆ ಒಂದು ತಿಂಗಳು

2021ರ ಮೇ 2ರಂದು ಬಂಗಾಳದ ಫಲಿತಾಂಶ ಬಂತು. ತೃಣಮೂಲ ಕಾಂಗ್ರೆಸ್‌ಗೆ 213, ಬಿಜೆಪಿಗೆ 77. ಎಡಪಕ್ಷಗಳಿಗೂ ಕಾಂಗ್ರೆಸ್ಸಿಗೂ ಸೊನ್ನೆ. ಅಂದರೆ ವಿಪಕ್ಷ ಎಂದರೆ ಹೆಚ್ಚುಕಡಿಮೆ ಬಿಜೆಪಿ ಒಂದೇ. ಈ ಅಂಶ ಮುಂದೆ ತುಂಬಾ ಮುಖ್ಯವಾಗುತ್ತದೆ, ನೆನಪಿಟ್ಟುಕೊಳ್ಳಿ. ನಂದಿಗ್ರಾಮದಲ್ಲಿ ಮಮತಾ ಬ್ಯಾನರ್ಜಿಯವರನ್ನು ಸೋಲಿಸಿದ ಸುವೇಂದು ಅಧಿಕಾರಿ ವಿಪಕ್ಷ ನಾಯಕರಾದರು.

ಕೃಷ್ಣನಗರ ಉತ್ತರ ಕ್ಷೇತ್ರದಲ್ಲಿ ಕಮಲದ ಗುರುತಿನಲ್ಲಿ ಗೆದ್ದವರು ಮುಕುಲ್ ರಾಯ್. ತೃಣಮೂಲ ಕಟ್ಟಿದವರಲ್ಲಿ ಅವರೂ ಒಬ್ಬರು. ಒಂದು ಕಾಲಕ್ಕೆ ಮಮತಾ ಬಿಟ್ಟರೆ ಪಕ್ಷದಲ್ಲಿ ಅವರೇ ಅನ್ನುವಂತಿತ್ತು. ರೈಲ್ವೆ ಸಚಿವರೂ ಆಗಿದ್ದರು. 2017ರಲ್ಲಿ ಮುನಿಸಿಕೊಂಡು ಬಿಜೆಪಿಗೆ ಹೋದರು, ಅಲ್ಲಿ ರಾಷ್ಟ್ರೀಯ ಉಪಾಧ್ಯಕ್ಷರಾದರು. ಫಲಿತಾಂಶ ಬಂದು 40 ದಿನ ಆಗಿತ್ತಷ್ಟೆ. ಜೂನ್ 11ರಂದು ಮಗನನ್ನು ಕರೆದುಕೊಂಡು ತೃಣಮೂಲ ಭವನಕ್ಕೆ ಹೋದರು. ಮಮತಾ ಅವರ ಸಮ್ಮುಖದಲ್ಲಿ, ಸಾಲು ಸಾಲು ಕ್ಯಾಮೆರಾಗಳ ಎದುರು ಹಳೆಯ ಪಕ್ಷಕ್ಕೆ ಮರಳಿದರು. ಇದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಆದರೆ ಶಾಸಕ ಸ್ಥಾನಕ್ಕೆ ಮಾತ್ರ ರಾಜೀನಾಮೆ ಕೊಡಲಿಲ್ಲ.

ಅದೇ ತಿಂಗಳಲ್ಲಿ ಸುವೇಂದು ಅಧಿಕಾರಿ ಸ್ಪೀಕರ್‌ಗೆ ಅರ್ಜಿ ಕೊಟ್ಟರು. ಪಕ್ಷಾಂತರ ನಿಷೇಧ ಕಾಯ್ದೆ ಪ್ರಕಾರ ಮುಕುಲ್ ಅವರನ್ನು ಅನರ್ಹಗೊಳಿಸಿ ಎಂದು. ಅರ್ಜಿ ಸ್ಪೀಕರ್ ಮೇಜಿನ ಮೇಲೆ ಇದ್ದಾಗಲೇ ಪಿಎಸಿ ಸದಸ್ಯರ ಆಯ್ಕೆ ಶುರುವಾಯಿತು. ಸಮಿತಿಯಲ್ಲಿ 20 ಸ್ಥಾನ. ಬಿಜೆಪಿ 6 ಹೆಸರು ಕೊಟ್ಟಿತು, ಅದರಲ್ಲಿ ಮುಕುಲ್ ಇರಲಿಲ್ಲ. ಅಧ್ಯಕ್ಷ ಸ್ಥಾನಕ್ಕೆ ಬಿಜೆಪಿ ಮನಸ್ಸಿನಲ್ಲಿದ್ದವರು ಬಾಲೂರ್‌ಘಾಟ್ ಶಾಸಕ ಅಶೋಕ್ ಲಾಹಿರಿ. ಕೇಂದ್ರ ಸರ್ಕಾರದ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದವರು, 15ನೇ ಹಣಕಾಸು ಆಯೋಗದಲ್ಲಿ ಕೂತಿದ್ದವರು. ಲೆಕ್ಕ ಕೇಳುವ ಕೆಲಸಕ್ಕೆ ಇಂಥವರೇ ಸಿಗುವುದು ಅಪರೂಪ.

ಮುಕುಲ್ ನಾಮಪತ್ರ ಬೇರೆ ದಾರಿಯಲ್ಲಿ ಬಂತು. ಅದಕ್ಕೆ ಬೆಂಬಲ ಕೊಟ್ಟವರು ತೃಣಮೂಲದವರು ಮತ್ತು ಅದರ ಜೊತೆಗಿದ್ದ ಗೂರ್ಖಾ ಜನಮುಕ್ತಿ ಮೋರ್ಚಾದವರು. 20 ಸ್ಥಾನಕ್ಕೆ 20 ನಾಮಪತ್ರ. ಮತದಾನವೇ ನಡೆಯಲಿಲ್ಲ. ಆಮೇಲೆ ಆ 20 ಮಂದಿಯಲ್ಲಿ ಅಧ್ಯಕ್ಷರು ಯಾರು ಎಂದು ತೀರ್ಮಾನಿಸುವುದು ಸ್ಪೀಕರ್ ಒಬ್ಬರ ಕೆಲಸ. ಅವರು ತೀರ್ಮಾನಿಸಿದರು.

ಆ ಕುರ್ಚಿಯಲ್ಲಿ ಅಂಥದ್ದೇನಿದೆ

ಪಿಎಸಿ ಎಂದರೆ ಏನು ಮಹಾ, ಎಲ್ಲ ಮುಗಿದ ಮೇಲೆ ಪೋಸ್ಟ್‌ಮಾರ್ಟಂ ಮಾಡುವ ಸಮಿತಿ ತಾನೆ, ಅಂತ ಕೆಲವರು ಮೂಗು ಮುರಿಯುತ್ತಾರೆ. ಸಮಿತಿಗೆ ಯಾರನ್ನೂ ಜೈಲಿಗೆ ಕಳಿಸುವ ಅಧಿಕಾರ ಇಲ್ಲ ಅನ್ನುವುದು ನಿಜ. ಸಚಿವರನ್ನು ಕರೆಸಿ ಪ್ರಶ್ನೆ ಕೇಳುವ ಪರಿಪಾಠವೂ ಇಲ್ಲ. ಆದರೂ ಆಡಳಿತ ಪಕ್ಷಗಳು ಈ ಕುರ್ಚಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಸುಮ್ನೆ ಅಲ್ಲ.

ಕೆಲಸ ಹೇಗೆ ನಡೆಯುತ್ತದೆ ನೋಡಿ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ರಾಜ್ಯಪಾಲರಿಗೆ ಹೋಗುತ್ತದೆ, ಅಲ್ಲಿಂದ ಸದನದಲ್ಲಿ ಮಂಡನೆ, ಅಲ್ಲಿಂದ ಪಿಎಸಿಗೆ. ವರದಿ ಅಂದರೆ ನೂರಾರು ಪುಟ, ಒಂದೊಂದು ಇಲಾಖೆಯ ಮೇಲೂ ಹತ್ತಾರು ಕಂಡಿಕೆಗಳು. ಎಲ್ಲವನ್ನೂ ಒಂದು ವರ್ಷದಲ್ಲಿ ನೋಡಿ ಮುಗಿಸಲು ಯಾವ ಸಮಿತಿಗೂ ಆಗುವುದಿಲ್ಲ. ಹಾಗಾಗಿ ಆರಿಸಬೇಕು. ಈ ತಿಂಗಳು ಲೋಕೋಪಯೋಗಿಯೋ ಆರೋಗ್ಯವೋ? ಯಾವ ಕಂಡಿಕೆ? ಯಾವ ಕಾರ್ಯದರ್ಶಿಗೆ ಬರಹೇಳಬೇಕು? ‘ಕಡತ ಸಿಕ್ಕಿಲ್ಲ, ಕಾಲಾವಕಾಶ ಬೇಕು’ ಎಂದು ಅವರು ಕೈಮುಗಿದರೆ ಒಂದು ವಾರ ಕೊಡಬೇಕೋ ಆರು ತಿಂಗಳೋ? ಇದನ್ನೆಲ್ಲ ಹೆಚ್ಚಾಗಿ ನಿರ್ಧರಿಸುವುದು ಅಧ್ಯಕ್ಷರು. ಮೇಜಿನ ಈ ಕಡೆ ಶಾಸಕರು, ಪಕ್ಕದಲ್ಲಿ ಮಹಾಲೇಖಪಾಲರ ಕಚೇರಿಯವರು, ಆ ಕಡೆ ಫೈಲು ಹಿಡಿದ ಇಲಾಖೆ ಅಧಿಕಾರಿಗಳು. ಅಧ್ಯಕ್ಷರು ಕನ್ನಡಕ ಏರಿಸಿ ‘ಇದಕ್ಕೆ ಉತ್ತರ ಎಲ್ಲಿ?’ ಅಂದರೆ ಕೋಣೆಯ ಗಾಳಿಯೇ ಬೇರೆ. ‘ಆಯ್ತು, ಮುಂದಿನ ಸಲ ನೋಡೋಣ’ ಅಂದರೆ ಎಲ್ಲರಿಗೂ ಚಹಾ ಬರುತ್ತದೆ.

ಬಂಗಾಳದ್ದೇ ಒಂದು ಉದಾಹರಣೆ ಕೊಡುತ್ತೇನೆ. 2020-21ರ ರಾಜ್ಯ ಹಣಕಾಸಿನ ಮೇಲೆ ಸಿಎಜಿ ವರದಿಯಲ್ಲಿ ಒಂದು ಅಂಕಿ ಇದೆ: 2,29,099 ಕೋಟಿ ರೂಪಾಯಿಗೆ ಬಳಕೆ ಪ್ರಮಾಣಪತ್ರ ಬಂದಿಲ್ಲ ಎಂದು. ಬಳಕೆ ಪ್ರಮಾಣಪತ್ರ ಎಂದರೆ ‘ಕೊಟ್ಟ ಹಣವನ್ನು ಕೊಟ್ಟ ಕೆಲಸಕ್ಕೇ ಖರ್ಚು ಮಾಡಿದ್ದೇವೆ’ ಎಂಬ ಕಾಗದ. ಅದು ಬಂದಿಲ್ಲ ಎಂದರೆ ಹಣ ಕದ್ದಿದ್ದಾರೆ ಎಂದು ಅರ್ಥವಲ್ಲ. ಕಾಗದ ಬಾಕಿ ಇದೆ ಎಂದಷ್ಟೇ ಅರ್ಥ. ಎಷ್ಟೋ ಬಾಕಿ ಹಿಂದಿನ ಸರ್ಕಾರಗಳ ಕಾಲದ್ದೂ ಆಗಿರುತ್ತದೆ. 2024ರಲ್ಲಿ ಬಿಜೆಪಿ ಈ ಅಂಕಿ ಹಿಡಿದು ಬೀದಿಯಲ್ಲಿ ಕೂಗಿತು. ಮಮತಾ ಪ್ರಧಾನಿಗೆ ಪತ್ರ ಬರೆದು, ಪ್ರಮಾಣಪತ್ರಗಳನ್ನು ಸಕಾಲಕ್ಕೆ ಕೊಟ್ಟಿದ್ದೇವೆ, ಇದು ಸುಳ್ಳು ಎಂದರು. ಯಾರು ಸರಿ? ಇದನ್ನು ತೀರ್ಮಾನಿಸಬೇಕಾದ ಜಾಗ ಬೀದಿಯೂ ಅಲ್ಲ, ಪತ್ರವೂ ಅಲ್ಲ. ಇಲಾಖೆವಾರು ಪಟ್ಟಿ ಇಟ್ಟುಕೊಂಡು, ಒಬ್ಬೊಬ್ಬ ಕಾರ್ಯದರ್ಶಿಯನ್ನೂ ಕರೆಸಿ ಕೇಳುವ ಪಿಎಸಿ ಕೋಣೆ ಅದು. ಆ ಕೋಣೆಯ ಕೀಲಿ ಯಾರ ಕೈಯಲ್ಲಿದೆ ಎಂಬುದಕ್ಕೆ ಬೆಲೆ ಬರುವುದು ಇಲ್ಲಿ.

ಇನ್ನೊಂದು ಮಾತು. ಸದಸ್ಯರ ಸಂಖ್ಯೆ ಸದನದ ಬಲಾಬಲದ ಪ್ರಕಾರವೇ ಇರುವುದರಿಂದ ಸಮಿತಿಯಲ್ಲೂ ಆಡಳಿತ ಪಕ್ಷಕ್ಕೇ ಬಹುಮತ. ವಿಪಕ್ಷಕ್ಕೆ ಅಂತ ಉಳಿಯುವುದು ಅಧ್ಯಕ್ಷಗಿರಿ ಒಂದೇ. ಅದೂ ಹೋದರೆ ಸರ್ಕಾರವೇ ಖರ್ಚು ಮಾಡಿ, ಸರ್ಕಾರವೇ ಲೆಕ್ಕ ನೋಡಿ, ಸರ್ಕಾರವೇ ಸರಿಯಿದೆ ಅಂದ ಹಾಗೆ.

ಸಂಪ್ರದಾಯ ಅಂದರೆ ಎಷ್ಟು ಗಟ್ಟಿ?

ಬ್ರಿಟನ್ನಿನಲ್ಲಿ ಪಿಎಸಿ ಹುಟ್ಟಿದ್ದು 1861ರಲ್ಲಿ. ಅಲ್ಲಿ ಅಧ್ಯಕ್ಷರು ವಿಪಕ್ಷದವರೇ. ನಮ್ಮಲ್ಲಿ ಕೇಂದ್ರದ ಸಮಿತಿ ಬ್ರಿಟಿಷರ ಕಾಲದಲ್ಲೇ, 1921ರಲ್ಲಿ ಶುರುವಾಯಿತು. ಆದರೆ ಸ್ವಾತಂತ್ರ್ಯ ಬಂದ ಮೇಲೂ ಬಹಳ ವರ್ಷ ಆಡಳಿತ ಪಕ್ಷದವರೇ ಅಧ್ಯಕ್ಷರಾಗಿದ್ದರು. 1967ರಲ್ಲಿ ಸ್ವತಂತ್ರ ಪಕ್ಷದ ಮೀನೂ ಮಸಾನಿ ಅಧ್ಯಕ್ಷರಾದಾಗಿನಿಂದ ಈ ಹುದ್ದೆ ವಿಪಕ್ಷದ್ದು ಎಂದಾಯಿತು. ರಾಜ್ಯಗಳೂ ಅದನ್ನೇ ಅನುಸರಿಸಿದವು.

ಇದು ಬರೆದಿಟ್ಟ ನಿಯಮ ಅಲ್ಲ, ನಡೆದುಬಂದ ಪದ್ಧತಿ. ಇಲ್ಲೇ ಸಂದು ಇರುವುದು. ‘ವಿಪಕ್ಷದವರಿಗೆ ಕೊಡಬೇಕು’ ಅಂತಿದೆ. ಆದರೆ ವಿಪಕ್ಷ ಹೇಳಿದವರಿಗೇ ಕೊಡಬೇಕೋ, ವಿಪಕ್ಷದ ಸಾಲಿನಲ್ಲಿ ಕೂತ ಯಾರಿಗೆ ಕೊಟ್ಟರೂ ಸಾಕೋ?

ಬಂಗಾಳದಲ್ಲಿ ಈ ಸಂದಿನಲ್ಲಿ ಕಾಲಿಟ್ಟದ್ದು 2021ರಲ್ಲೇ ಮೊದಲಲ್ಲ. 2016ರಲ್ಲಿ ಕಾಂಗ್ರೆಸ್ 44 ಸ್ಥಾನ ಗೆದ್ದು ಮುಖ್ಯ ವಿಪಕ್ಷವಾಗಿತ್ತು. ಚುನಾವಣೆಯಲ್ಲಿ ಜೊತೆಗಿದ್ದ ಸಿಪಿಎಂನ ಸುಜನ್ ಚಕ್ರವರ್ತಿ ಅವರಿಗೆ ಪಿಎಸಿ ಕೊಡಿ ಎಂದು ಕಾಂಗ್ರೆಸ್ ಕೇಳಿತು. ಸ್ಪೀಕರ್, ಆಗಲೂ ಬಿಮನ್ ಬ್ಯಾನರ್ಜಿಯವರೇ, ಕಾಂಗ್ರೆಸ್‌ನ ಮಾನಸ್ ಭುಂಯಾ ಹೆಸರು ಹೇಳಿದರು. ಕುರ್ಚಿ ಬಿಡು ಎಂದು ಪಕ್ಷ ಹೇಳಿದರೂ ಭುಂಯಾ ಬಿಡಲಿಲ್ಲ. ಕೆಲವೇ ತಿಂಗಳಲ್ಲಿ ತೃಣಮೂಲ ಸೇರಿದರು. ಆಗ ಮೊದಲು ಕುರ್ಚಿ, ಆಮೇಲೆ ಪಕ್ಷಾಂತರ. 2021ರಲ್ಲಿ ಮೊದಲು ಪಕ್ಷಾಂತರ, ಆಮೇಲೆ ಕುರ್ಚಿ. ಐದು ವರ್ಷದಲ್ಲಿ ಧೈರ್ಯ ಅಷ್ಟು ಬೆಳೆದಿತ್ತು ಅಂತ ನನಗೆ ಅನಿಸುತ್ತದೆ.

ತೃಣಮೂಲದ ವಾದವನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಅನ್ಯಾಯ. ಒಂದು, ಅಧ್ಯಕ್ಷರನ್ನು ನೇಮಿಸುವುದು ಸ್ಪೀಕರ್ ಅಧಿಕಾರ, ಪಕ್ಷ ಶಿಫಾರಸು ಮಾಡಿದವರನ್ನೇ ನೇಮಿಸಬೇಕು ಎಂದು ಎಲ್ಲೂ ಇಲ್ಲ. ಎರಡು, ಅನರ್ಹ ಎಂದು ತೀರ್ಪಾಗುವವರೆಗೆ ಮುಕುಲ್ ಬಿಜೆಪಿ ಶಾಸಕರೇ. ಮೂರು, ಸದನದ ಒಳಗಿನ ಕಲಾಪಕ್ಕೆ ಕೋರ್ಟು ಕೈಹಾಕುವ ಹಾಗಿಲ್ಲ, ಸಂವಿಧಾನದ 212ನೇ ವಿಧಿ ಅದನ್ನು ತಡೆಯುತ್ತದೆ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಮೂರೂ ಗಟ್ಟಿಯಾಗಿಯೇ ಕಾಣುತ್ತವೆ. ಸಮಸ್ಯೆ ಇರುವುದು ಅವು ಸೇರುವ ಜಾಗದಲ್ಲಿ. ಮುಕುಲ್ ಯಾವ ಪಕ್ಷ ಎಂದು ತೀರ್ಮಾನಿಸಬೇಕಾದವರೂ ಸ್ಪೀಕರ್. ಅವರನ್ನು ಅಧ್ಯಕ್ಷರನ್ನಾಗಿ ಮಾಡಿದವರೂ ಸ್ಪೀಕರ್. ಮೊದಲನೆಯದನ್ನು ತೀರ್ಮಾನಿಸದೆ ಇಟ್ಟುಕೊಂಡರೆ ಎರಡನೆಯದು ತಾನಾಗಿ ಸಿಂಧುವಾಗುತ್ತದೆ.

ಬಿಜೆಪಿ ಮಾಡಿದ್ದು

ಬಿಜೆಪಿ ಎರಡು ಕೆಲಸ ಮಾಡಿತು. ಜುಲೈ 13ರಂದು, ಬೇರೆ ಬೇರೆ ಸಮಿತಿಗಳ ಅಧ್ಯಕ್ಷರಾಗಿದ್ದ ಅದರ 8 ಶಾಸಕರು ರಾಜೀನಾಮೆ ಕೊಟ್ಟರು. ನನ್ನ ಲೆಕ್ಕದಲ್ಲಿ ಇದು ತಪ್ಪು ನಡೆ. ಪಿಎಸಿ ಕೈತಪ್ಪಿದೆ, ಸರಿ. ಇನ್ನೂ ಎಂಟು ಕೋಣೆಗಳ ಕೀಲಿ ಕೈಯಲ್ಲಿತ್ತು, ಅದನ್ನೂ ಬಿಸಾಕಿದರು. ಪತ್ರಿಕೆಯಲ್ಲಿ ಒಂದು ದಿನದ ಸುದ್ದಿ ಆಯಿತು. ಅಧಿಕಾರಿಗಳನ್ನು ಕರೆಸಿ ಪ್ರಶ್ನೆ ಕೇಳುವ ಎಂಟು ದಾರಿ ಮುಚ್ಚಿದವು. ಮೂಗಿನ ಮೇಲಿನ ಸಿಟ್ಟಿಗೆ ಮೂಗನ್ನೇ ಕೊಯ್ದುಕೊಂಡರೆ ನೋವು ಯಾರಿಗೆ?

ಎರಡನೆಯ ಕೆಲಸ ಕೋರ್ಟಿಗೆ ಹೋಗಿದ್ದು. ಕಲ್ಯಾಣಿ ಕ್ಷೇತ್ರದ ಬಿಜೆಪಿ ಶಾಸಕ ಅಂಬಿಕಾ ರಾಯ್ ಕಲ್ಕತ್ತಾ ಹೈಕೋರ್ಟಿನಲ್ಲಿ ನೇಮಕವನ್ನು ಪ್ರಶ್ನಿಸಿದರು. ಸೆಪ್ಟೆಂಬರ್ 28ರಂದು ತೀರ್ಪು ಬಂತು. ಹೈಕೋರ್ಟು ಆ ಮಾತು, ಈ ಮಾತು ಅಂತ ಸುತ್ತಾಡಲಿಲ್ಲ. ವಿಪಕ್ಷದವರು ಪಿಎಸಿ ಅಧ್ಯಕ್ಷರಾಗುವುದು ಸಾಂವಿಧಾನಿಕ ಸಂಪ್ರದಾಯ, ಅನರ್ಹತೆ ಅರ್ಜಿ ಇತ್ಯರ್ಥವಾಗದೆ ಈ ಪ್ರಶ್ನೆ ಬಗೆಹರಿಯುವುದಿಲ್ಲ, ಹಾಗಾಗಿ ಅಕ್ಟೋಬರ್ 7ರೊಳಗೆ ಏನು ಮಾಡಿದಿರಿ ಎಂದು ತಿಳಿಸಿ ಅಂತ ಸ್ಪೀಕರ್‌ಗೆ ಹೇಳಿತು. ಹಿಂದಿನ ವರ್ಷವಷ್ಟೇ ಸುಪ್ರೀಂ ಕೋರ್ಟ್ ಮಣಿಪುರದ ಪ್ರಕರಣವೊಂದರಲ್ಲಿ, ಇಂಥ ಅರ್ಜಿಗಳನ್ನು ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಮುಗಿಸಬೇಕು ಎಂದಿತ್ತು. ಹೈಕೋರ್ಟಿಗೆ ಅದೇ ಆಧಾರ.

ಸ್ಪೀಕರ್ ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲೂ ‘ಬೇಗ ಮುಗಿಸಿ’ ಎಂದೇ ಹೇಳಿದರು.

ಟಿವಿಯಲ್ಲಿ ಕಂಡದ್ದು ಸಾಕ್ಷಿಯಲ್ಲ

2022ರ ಫೆಬ್ರವರಿ 11ರಂದು ಸ್ಪೀಕರ್ ತೀರ್ಪು ಕೊಟ್ಟರು. ಅರ್ಜಿ ವಜಾ. ಮುಕುಲ್ ರಾಯ್ ಪಕ್ಷ ಬಿಟ್ಟಿದ್ದಕ್ಕೆ ಸಾಕಷ್ಟು ಸಾಕ್ಷ್ಯ ಇಲ್ಲ! ಬಿಜೆಪಿ ಕೊಟ್ಟಿದ್ದು ಜೂನ್ 11ರ ವಿಡಿಯೊ, ಟ್ವೀಟು, ಇಂಥವು. ಡಿಜಿಟಲ್ ಸಾಕ್ಷ್ಯಕ್ಕೆ ಸಾಕ್ಷ್ಯ ಕಾಯ್ದೆಯ 65ಬಿ ಕಲಂ ಪ್ರಕಾರ ಒಂದು ಪ್ರಮಾಣಪತ್ರ ಬೇಕು, ಅದಿಲ್ಲ ಎಂಬುದು ತಕರಾರು. ಮುಕುಲ್ ಕಡೆಯ ವಾದವಂತೂ ಇನ್ನೂ ಸೊಗಸು: ಅವರು ಬಿಜೆಪಿ ಬಿಟ್ಟೇ ಇಲ್ಲ, ಅವತ್ತು ಭೇಟಿಗಷ್ಟೇ ಹೋಗಿದ್ದರು.

ಏಪ್ರಿಲ್ 11ರಂದು ಹೈಕೋರ್ಟು ಈ ಆದೇಶವನ್ನು ರದ್ದು ಮಾಡಿ, ಮತ್ತೆ ನೋಡಿ ಎಂದು ವಾಪಸ್ ಕಳಿಸಿತು. ಜೂನ್ 8ರಂದು ಸ್ಪೀಕರ್ ಮತ್ತೆ ನೋಡಿದರು. ಮತ್ತೆ ಅದೇ ಉತ್ತರ.

ಇಷ್ಟು ಹೊತ್ತಿಗೆ ಒಂದು ವರ್ಷ ಹೋಗಿತ್ತು. ಪಿಎಸಿಯ ಅವಧಿಯೇ ಒಂದು ವರ್ಷ! ಜೂನ್ ಕೊನೆಗೆ ಮುಕುಲ್ ಆರೋಗ್ಯದ ಕಾರಣ ಕೊಟ್ಟು ಅಧ್ಯಕ್ಷ ಸ್ಥಾನ ಬಿಟ್ಟರು. ಅಲ್ಲಿಗೆ ಪ್ರಕರಣ ಮುಗಿಯಿತು ಅಂದುಕೊಂಡವರಿಗೆ ಮುಂದಿನ ಹೆಸರು ಉತ್ತರ ಕೊಟ್ಟಿತು. ಹೊಸ ಅಧ್ಯಕ್ಷರು ಕೃಷ್ಣ ಕಲ್ಯಾಣಿ. ರಾಯ್‌ಗಂಜ್‌ನಿಂದ ಬಿಜೆಪಿ ಟಿಕೆಟ್ ಮೇಲೆ ಗೆದ್ದು, 2021ರ ಅಕ್ಟೋಬರ್‌ನಲ್ಲಿ ತೃಣಮೂಲ ಸೇರಿದವರು. 2024ರಲ್ಲಿ ಅವರು ಶಾಸಕ ಸ್ಥಾನ ಬಿಟ್ಟು ತೃಣಮೂಲದಿಂದ ಲೋಕಸಭೆಗೆ ನಿಂತರು, ಸೋತರು, ಆಮೇಲೆ ಅದೇ ಪಕ್ಷದಿಂದ ಉಪಚುನಾವಣೆ ಗೆದ್ದು ಬಂದರು. ಆಗ ಪುಸ್ತಕದಲ್ಲೂ ತೃಣಮೂಲದವರಾದ್ದರಿಂದ ಪಿಎಸಿಗೆ ಹೊಂದುತ್ತಿರಲಿಲ್ಲ. ಹಾಗಾಗಿ ಬಂದವರು ಅಲಿಪುರ್‌ದುವಾರ್‌ನ ಸುಮನ್ ಕಾಂಜಿಲಾಲ್. ಅವರೂ ಬಿಜೆಪಿಯಿಂದ ಗೆದ್ದು 2023ರ ಫೆಬ್ರವರಿಯಲ್ಲಿ ತೃಣಮೂಲ ಸೇರಿದವರೇ.

ಒಂದು ಸಲ ಆದರೆ ಕೈತಪ್ಪು, ಎರಡು ಸಲ ಆದರೆ ಕಾಕತಾಳೀಯ ಅನ್ನಬಹುದು. ಮೂರನೆಯದಕ್ಕೆ ಏನನ್ನೋಣ? ಈ ಕುರ್ಚಿಗೆ ಅರ್ಹತೆಯೇ ಅದು ಅನ್ನುವ ಹಾಗಾಗಿತ್ತು: ಪುಸ್ತಕದಲ್ಲಿ ಆ ಕಡೆ, ಮನಸ್ಸಿನಲ್ಲಿ ಈ ಕಡೆ.

ನಡುವೆ 2023ರ ಏಪ್ರಿಲ್‌ನಲ್ಲಿ ಮುಕುಲ್ ರಾಯ್ ಇದ್ದಕ್ಕಿದ್ದಂತೆ ದೆಹಲಿಗೆ ಹೋದರು. ಅಪ್ಪ ಕಾಣೆಯಾಗಿದ್ದಾರೆ ಎಂದು ಮಗ ದೂರು ಕೊಟ್ಟರು. ದೆಹಲಿಯಲ್ಲಿ ಸಿಕ್ಕ ಮುಕುಲ್, ನಾನು ಬಿಜೆಪಿ ಶಾಸಕ, ಬಿಜೆಪಿಯಲ್ಲೇ ಇರುತ್ತೇನೆ ಎಂದರು. ಆರೋಗ್ಯ ಕೆಟ್ಟ ಹಿರಿಯರ ಮಾತನ್ನು ಹಿಡಿದು ಆಡಿಕೊಳ್ಳುವುದು ಸರಿಯಲ್ಲ. ಆದರೆ ಎರಡು ವರ್ಷ ಸ್ಪೀಕರ್ ಹೇಳುತ್ತಿದ್ದ ಮಾತನ್ನೇ ಅವರೂ ಹೇಳಿದಾಗ ಯಾರೂ ನಂಬಲಿಲ್ಲ, ಅದನ್ನು ಗಮನಿಸದೆ ಇರಲಾಗದು.

ಎಲ್ಲರ ಮನೆಯ ದೋಸೆಯೂ ತೂತೇ

ಇದು ಬಂಗಾಳದ್ದೇ ಚಾಳಿ ಎಂದುಕೊಂಡು ಬಿಡುವ ಹಾಗಿಲ್ಲ. ಪಕ್ಕದ ತೆಲಂಗಾಣಕ್ಕೆ ಬನ್ನಿ. 2019ರಲ್ಲಿ ಅಲ್ಲಿ ಕಾಂಗ್ರೆಸ್‌ನ 18 ಶಾಸಕರಲ್ಲಿ 12 ಮಂದಿ ಆಗಿನ ಆಡಳಿತ ಪಕ್ಷ ಟಿಆರ್‌ಎಸ್ ಜೊತೆ ವಿಲೀನವಾದರು. ಪಿಎಸಿ ಹೋಗಿದ್ದು ಸರ್ಕಾರಕ್ಕೆ ಸ್ನೇಹಿತನಂತಿದ್ದ ಎಂಐಎಂಗೆ, ಅಕ್ಬರುದ್ದೀನ್ ಓವೈಸಿ ಅವರಿಗೆ. 2024ರ ಸೆಪ್ಟೆಂಬರ್‌ನಲ್ಲಿ ಪಾತ್ರಗಳು ಅದಲು ಬದಲು. ಈಗ ಕಾಂಗ್ರೆಸ್ ಸರ್ಕಾರ, ವಿಪಕ್ಷ ಬಿಆರ್‌ಎಸ್, ಅಂದರೆ ಹೆಸರು ಬದಲಿಸಿಕೊಂಡ ಅದೇ ಟಿಆರ್‌ಎಸ್. ಅಧ್ಯಕ್ಷರಾದವರು ಬಿಆರ್‌ಎಸ್‌ನಿಂದ ಗೆದ್ದು ಕಾಂಗ್ರೆಸ್ ಕಡೆ ಹೋಗಿದ್ದ ಅರೆಕಪೂಡಿ ಗಾಂಧಿ. ಬಂಗಾಳದ ಪಾಠವನ್ನು ಅಕ್ಷರ ಬಿಡದೆ ನಕಲು ಮಾಡಿದಂತಿತ್ತು. ಬಿಆರ್‌ಎಸ್ ಕೂಗಾಡಿತು. ಐದು ವರ್ಷ ಹಿಂದೆ ತಾನೇ ಏನು ಮಾಡಿದ್ದೆ ಎಂದು ಅದಕ್ಕೆ ನೆನಪಿದ್ದಂತೆ ಕಾಣಲಿಲ್ಲ.

ತೃಣಮೂಲಕ್ಕೂ ದೆಹಲಿಯಲ್ಲಿ ತನ್ನ ಔಷಧಿಯ ರುಚಿ ಸಿಕ್ಕಿತು. 2022ರ ಅಕ್ಟೋಬರ್‌ನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಗಳನ್ನು ಮತ್ತೆ ರಚಿಸಿದಾಗ ಅದಕ್ಕೆ ಒಂದೇ ಒಂದು ಅಧ್ಯಕ್ಷಗಿರಿಯೂ ಉಳಿಯಲಿಲ್ಲ. ಗೃಹ, ಮಾಹಿತಿ ತಂತ್ರಜ್ಞಾನದಂಥ ದೊಡ್ಡ ಸಮಿತಿಗಳು ಕಾಂಗ್ರೆಸ್ ಕೈಯಿಂದ ಆಡಳಿತ ಕೂಟಕ್ಕೆ ಹೋದವು. ವಿಪಕ್ಷದ ದನಿ ಅಡಗಿಸುತ್ತಿದ್ದಾರೆ ಎಂದು ತೃಣಮೂಲ ದೂರಿತು. ದೂರಿನಲ್ಲಿ ಸತ್ಯ ಇತ್ತು. ದೂರಿದವರ ಬಾಯಿ ಬೇರೆ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ನಮ್ಮ ಕರ್ನಾಟಕದಲ್ಲಿ ಇನ್ನೊಂದು ಬಗೆ. 2020ರ ಮೇ ತಿಂಗಳಲ್ಲಿ ಪಿಎಸಿ ಅಧ್ಯಕ್ಷರು ಕಾಂಗ್ರೆಸ್‌ನ ಎಚ್.ಕೆ. ಪಾಟೀಲ್, ಅಸಲಿ ವಿಪಕ್ಷದವರೇ. ಕೋವಿಡ್ ಸಲಕರಣೆ ಖರೀದಿಯನ್ನು ಸ್ಥಳಕ್ಕೇ ಹೋಗಿ ನೋಡುತ್ತೇವೆ ಎಂದು ಅವರ ಸಮಿತಿ ಹೊರಟಿತು. ಸೋಂಕಿನ ಕಾರಣ ಹೇಳಿ ಸಮಿತಿಗಳು ಹೊರಗೆ ಹೋಗುವುದು ಬೇಡ ಎಂದರು ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ. ಕುರ್ಚಿ ವಿಪಕ್ಷದ್ದೇ, ಆದರೆ ಬಾಗಿಲಿನ ಚಿಲಕ ಹೊರಗಡೆಯಿಂದ. ಬಂಗಾಳದಲ್ಲೂ ಇಲ್ಲೂ ದಾರಿ ಬೇರೆ ಬೇರೆ, ಕೊನೆಗೆ ಸಿಗುವುದು ಸ್ಪೀಕರ್ ಮೇಜೇ.

ಏನು ಮಾಡಬಹುದಿತ್ತು ಎಂದು ಕೇಳಿದರೆ, ನನಗೆ ಕಾಣುವುದು ದೊಡ್ಡ ಸುಧಾರಣೆ ಏನಲ್ಲ. ವಿಧಾನಸಭೆಯ ನಡಾವಳಿ ನಿಯಮಕ್ಕೆ ಎರಡು ಸಾಲು ಸೇರಿಸಿದರೆ ಸಾಕು. ವಿಪಕ್ಷ ನಾಯಕರು ಬರೆದು ಕೊಟ್ಟ ಹೆಸರುಗಳಲ್ಲೇ ಒಬ್ಬರು ಪಿಎಸಿ ಅಧ್ಯಕ್ಷರಾಗಬೇಕು. ಅನರ್ಹತೆ ಅರ್ಜಿ ಬಾಕಿ ಇರುವ ಸದಸ್ಯರು ಯಾವ ಸಮಿತಿಗೂ ಅಧ್ಯಕ್ಷರಾಗುವಂತಿಲ್ಲ. ಎರಡನೆಯದು ಬಂದರೆ ಅರ್ಜಿಯನ್ನು ಎಳೆದಾಡುವುದರಿಂದ ಆಡಳಿತ ಪಕ್ಷಕ್ಕೆ ಸಿಗುವ ಲಾಭವೇ ಹೋಗುತ್ತದೆ. ಇದರ ದುರುಪಯೋಗವೂ ಆಗಬಹುದು, ಬೇಡದ ಸದಸ್ಯರ ಮೇಲೆ ಸುಮ್ಮನೆ ಅರ್ಜಿ ಹಾಕಿ ಕೂರಬಹುದು. ಅದಕ್ಕೆ ಮೂರು ತಿಂಗಳ ಗಡುವು ಜೊತೆಗಿರಬೇಕು. ಆದರೆ ಈ ಎರಡು ಸಾಲು ಸೇರಿಸಲು ಸದನದಲ್ಲಿ ಬಹುಮತ ಬೇಕು. ಬಹುಮತ ಇರುವವರಿಗೆ ಇದು ಬೇಕಿಲ್ಲ. ಬೇಕಾದವರಿಗೆ ಬಹುಮತ ಇಲ್ಲ.

ಕೊನೆಗೆ ಬಂದ ತೀರ್ಪು

2025ರ ನವೆಂಬರ್ 13ರಂದು ಕಲ್ಕತ್ತಾ ಹೈಕೋರ್ಟು ಮತ್ತೊಮ್ಮೆ ಸ್ಪೀಕರ್‌ಗೆ ವಾಪಸ್ ಕಳಿಸುವ ಗೋಜಿಗೆ ಹೋಗಲಿಲ್ಲ. ತಾನೇ ಮುಕುಲ್ ರಾಯ್ ಅವರನ್ನು ಅನರ್ಹಗೊಳಿಸಿತು. ಅದೂ 2021ರ ಜೂನ್ 11ರಿಂದಲೇ ಅನ್ವಯ. ಆ ಲೆಕ್ಕದಲ್ಲಿ ಪಿಎಸಿ ಅಧ್ಯಕ್ಷರಾದ ದಿನ ಅವರು ಶಾಸಕರೇ ಆಗಿರಲಿಲ್ಲ. ಸ್ಪೀಕರ್ ಕೈಯಲ್ಲಿರುವ ಅನರ್ಹತೆಯ ತೀರ್ಪನ್ನು ಹೈಕೋರ್ಟು ತಾನೇ ಬರೆದದ್ದು ಅಪರೂಪದಲ್ಲಿ ಅಪರೂಪ. 2026ರ ಜನವರಿಯಲ್ಲಿ, ಮಗ ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು.

ಹೈಕೋರ್ಟಿನ ಆದೇಶ ಬರುವ ಹೊತ್ತಿಗೆ ಆ ವಿಧಾನಸಭೆಯ ಆಯುಸ್ಸಿನಲ್ಲಿ ಉಳಿದಿದ್ದು ಆರೇ ತಿಂಗಳು. ಮುಕುಲ್ ಪಿಎಸಿ ಬಿಟ್ಟು ಮೂರು ವರ್ಷ ದಾಟಿತ್ತು. ಅವರ ನಂತರ ಆ ಕುರ್ಚಿ ಇನ್ನಿಬ್ಬರನ್ನು ಕಂಡಿತ್ತು. ಅಶೋಕ್ ಲಾಹಿರಿ ವಿಪಕ್ಷದ ಸಾಲಿನಲ್ಲೇ ಕೂತಿದ್ದರು.